ಪರಿಗಿಯಿಂದ ದೇವನಹಳ್ಳಿಗೆ

ಪೆನುಗೊಂಡೆಯಲ್ಲಿ ದೊರೆತ ಗಂಗರ ತಾಮ್ರಶಾಸನವೊಂದರಲ್ಲಿ ಪರುವಿ ಎಂಬ ಊರಿನ ಹೆಸರಿದೆ. ಆ ಊರಿನ ದೊಡ್ಡ ಕೆರೆಯ ಕೆಳಗಿನ ಗದ್ದೆಗಳನ್ನು ದತ್ತಿಯಾಗಿ ಕೊಟ್ಟ ಸಂಗತಿಯನ್ನು ಅದು ಹೇಳುತ್ತದೆ. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸಿರುವ ಆ ಶಾಸನದ ಪರುವಿಯೇ ಇಂದಿನ ಪರಿಗಿ. ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿ, ಹಿಂದೂಪುರಕ್ಕೆ ಹತ್ತಿರದಲ್ಲಿರುವ ಮಂಡಲ ಕೇಂದ್ರವಿದು. ಕನ್ನಡ ಐಚ್ಛಿಕ ವಿದ್ಯಾರ್ಥಿಗಳು ಈ ಊರನ್ನು ಶಾಸನಪಾಠದ ಅಡಿಟಿಪ್ಪಣಿಯಲ್ಲಿ ಕಂಡು ಮುಂದೆ ಸಾಗುವುದೇ ಹೆಚ್ಚು. ಆದರೆ ಪರಿಗಿ ಶಾಸನದಲ್ಲಿ ನಿಂತುಹೋಗಿಲ್ಲ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತೆಲುಗು ಆಡುವ ಸಂಸಾರಗಳು ಈ ಸೀಮೆಯಲ್ಲಿವೆ. ಅವರ ಮಕ್ಕಳು ದೂರದ ಊರುಗಳಲ್ಲಿ ದುಡಿಯುತ್ತಾರೆ, ಹಬ್ಬಕ್ಕೆ ಬರುತ್ತಾರೆ, ಹಬ್ಬ ಮುಗಿಸಿ ವಿಮಾನ ಹಿಡಿಯಲು ಹೊರಡುತ್ತಾರೆ. ಆ ಹೊರಡುವಿಕೆಯ ಕಷ್ಟವನ್ನು ಗಡಿನಾಡಿನ ಬದುಕಿನ ಒಂದು ಪಾಠವೆಂದೇ ಓದಬಹುದು.

2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನ ನಿಲ್ದಾಣ ನಗರದೊಳಗೆ, ಎಚ್‌ಎಎಲ್ ಆವರಣದಲ್ಲಿತ್ತು. ಹಿಂದೂಪುರದ ಕಡೆಯವರು ನಗರವನ್ನು ಉತ್ತರದಿಂದ ಹೊಕ್ಕು ಪೂರ್ವಕ್ಕೆ ಹಾಯಬೇಕಿತ್ತು. ಅದು ದೇವನಹಳ್ಳಿಗೆ ಬಂದ ಮೇಲೆ ಪರಿಗಿಗೂ ಆಕಾಶಕ್ಕೂ ಇದ್ದ ದೂರ ಒಮ್ಮೆಗೇ ಕುಗ್ಗಿತು. ಈಗ ಪರಿಗಿಯಿಂದ ವಿಮಾನ ನಿಲ್ದಾಣಕ್ಕೆ ಸುಮಾರು 90 ಕಿಲೋಮೀಟರು. ನಗರದ ದಕ್ಷಿಣ ತುದಿಯ ಬಡಾವಣೆಯವನು ಸಂಜೆಯ ದಟ್ಟಣೆಯಲ್ಲಿ ಎರಡೂವರೆ ತಾಸು ಕಳೆದು ತಲುಪುವ ಜಾಗಕ್ಕೆ ಪರಿಗಿಯವನು ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ತಲುಪಬಲ್ಲ. ಇನ್ನೂ ಹತ್ತಿರದಲ್ಲಿ, ಪುಟ್ಟಪರ್ತಿಯಲ್ಲಿ, 1990ರಲ್ಲಿ ಆರಂಭವಾದ ವಿಮಾನ ನಿಲ್ದಾಣವೊಂದಿದೆ. ಆದರೆ ಅಲ್ಲಿಯ ಓಡಾಟ ಬಹುಮಟ್ಟಿಗೆ ವಿಶೇಷ ವಿಮಾನಗಳದ್ದು. ಟಿಕೆಟ್ ಕೊಂಡು ಹತ್ತುವ ಸಾಮಾನ್ಯನಿಗೆ ಅದರಿಂದ ಪ್ರಯೋಜನವಿಲ್ಲ. ಬೆಂಗಳೂರು ನಿಲ್ದಾಣದ ಒಪ್ಪಂದದಲ್ಲಿ 150 ಕಿಲೋಮೀಟರಿನೊಳಗೆ ಮತ್ತೊಂದು ಅಂತರರಾಷ್ಟ್ರೀಯ ನಿಲ್ದಾಣ ಬರಕೂಡದೆಂಬ ಕರಾರು 25 ವರ್ಷಗಳ ಮಟ್ಟಿಗೆ ಇದೆ. ಹಿಂದೂಪುರ ಆ ವೃತ್ತದೊಳಗೇ ಇದೆ. ಆದ್ದರಿಂದ 2033ರವರೆಗಂತೂ ಪರಿಗಿಗೆ ದೇವನಹಳ್ಳಿಯೇ ಗತಿ.

ದೂರ ಕುಗ್ಗಿದರೂ ದಾರಿ ಸುಗಮವಾಗಲಿಲ್ಲ. ಬೆಳಗ್ಗೆ ಆರು ಗಂಟೆಯ ವಿಮಾನವೆಂದರೆ ಲೆಕ್ಕವನ್ನು ಹಿಂದಕ್ಕೆ ಹಾಕುತ್ತ ಬರಬೇಕು. ದೇಶದೊಳಗಿನ ಪ್ರಯಾಣವಾದರೆ ಎರಡು ತಾಸು ಮುಂಚೆ, ಹೊರದೇಶಕ್ಕಾದರೆ ಮೂರು ತಾಸು ಮುಂಚೆ ನಿಲ್ದಾಣದಲ್ಲಿರಬೇಕು. ಅಲ್ಲಿಂದ ಹಿಂದಕ್ಕೆ ಎರಡೂವರೆ ತಾಸಿನ ರಸ್ತೆ. ಟೈರು ಪಂಕ್ಚರಾದರೆ, ರೈಲ್ವೆ ಗೇಟು ಬಿದ್ದರೆ ಎಂದು ಇನ್ನರ್ಧ ತಾಸು. ಅಂದರೆ ಪರಿಗಿಯ ಮನೆಯ ಬಾಗಿಲು ನಡುರಾತ್ರಿ ಹನ್ನೆರಡರಿಂದ ಒಂದರ ನಡುವೆ ತೆರೆಯಬೇಕು. ಆ ಹೊತ್ತಿನಲ್ಲಿ ಹಳ್ಳಿಯ ಬಸ್ಸನ್ನು ನಂಬಿ ಯಾರೂ ಸೂಟ್‌ಕೇಸು ಕಟ್ಟುವುದಿಲ್ಲ.

ಸಾಲುರಜೆ ಬಂತೆಂದರೆ ಈ ಲೆಕ್ಕವೂ ಕೆಡುತ್ತದೆ. ಹಿಂದೂಪುರದಿಂದ ಎರಡು ರಸ್ತೆಗಳುಂಟು. ಒಂದು ಗೌರಿಬಿದನೂರು, ದೊಡ್ಡಬಳ್ಳಾಪುರದ ಮೇಲೆ ಹೋಗುತ್ತದೆ. ಇನ್ನೊಂದು ಲೇಪಾಕ್ಷಿಯ ಬದಿಯಿಂದ ಕೊಡಿಕೊಂಡಕ್ಕೆ ಹೋಗಿ, 44ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಸೇರಿ, ಬಾಗೇಪಲ್ಲಿಯ ಟೋಲ್ ದಾಟಿ ಚಿಕ್ಕಬಳ್ಳಾಪುರದ ಮೂಲಕ ಇಳಿಯುತ್ತದೆ. ಮೊದಲ ದಾರಿಯಲ್ಲಿ ವಿದುರಾಶ್ವತ್ಥವಿದೆ, ದೊಡ್ಡಬಳ್ಳಾಪುರದ ಸಮೀಪದಲ್ಲಿ ಘಾಟಿ ಸುಬ್ರಹ್ಮಣ್ಯವಿದೆ; ಎರಡೂ ನಾಗಪೂಜೆಯ ಕ್ಷೇತ್ರಗಳು, ರಜೆಯ ದಿನ ಎರಡೂ ಕಡೆ ಜನ ನೆರೆಯುತ್ತಾರೆ. ಎರಡನೆಯ ದಾರಿಯಲ್ಲಿ ನಂದಿಬೆಟ್ಟದ ಸೂರ್ಯೋದಯ ನೋಡಲು ಬೆಂಗಳೂರಿನಿಂದ ನಸುಕಿನಲ್ಲೇ ಹೊರಟ ಕಾರುಬೈಕುಗಳ ಸಾಲು. 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಳಿ ಆದಿಯೋಗಿ ಪ್ರತಿಮೆ ಅನಾವರಣಗೊಂಡ ಮೇಲೆ ಆ ಹೆದ್ದಾರಿಯ ರಜಾದಿನಗಳ ಭಾರ ಇನ್ನಷ್ಟು ಹೆಚ್ಚಿತು. ಉಲ್ಲಾಸಕ್ಕೆ ಹೊರಟವರಿಗೆ ಅರ್ಧ ತಾಸು ತಡವಾದರೆ ಒಂದು ಸೂರ್ಯೋದಯ ತಪ್ಪೀತು, ಅಷ್ಟೆ. ಅದೇ ರಸ್ತೆಯಲ್ಲಿ ಬೋರ್ಡಿಂಗ್ ಪಾಸ್ ಹಿಡಿದು ಕುಳಿತವನ ಅರ್ಧ ತಾಸಿನ ಬೆಲೆ ಬೇರೆ.

ರೈಲಿನ ಕಥೆ ಇದಕ್ಕಿಂತ ವಿಚಿತ್ರ. ಹಿಂದೂಪುರದಿಂದ ಬೆಂಗಳೂರಿಗೆ ರೈಲುಮಾರ್ಗವುಂಟು. 2021ರ ಜನವರಿಯಲ್ಲಿ ವಿಮಾನ ನಿಲ್ದಾಣದ ಹೆಸರಿನಲ್ಲೇ ಒಂದು ರೈಲು ತಂಗುದಾಣವೂ ತೆರೆಯಿತು. ಆದರೆ ಆ ತಂಗುದಾಣ ಇರುವುದು ಯಲಹಂಕದಿಂದ ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಮಾರ್ಗದಲ್ಲಿ. ಹಿಂದೂಪುರದ ರೈಲು ಯಲಹಂಕಕ್ಕೆ ಬರುವುದು ದೊಡ್ಡಬಳ್ಳಾಪುರದ ಮಾರ್ಗದಲ್ಲಿ. ಆದುದರಿಂದ ಪ್ರಯಾಣಿಕ ವಿಮಾನ ನಿಲ್ದಾಣವನ್ನು ದಾಟಿ ದಕ್ಷಿಣಕ್ಕೆ ಯಲಹಂಕದವರೆಗೆ ಹೋಗಿ, ಇಳಿದು, ಬೇರೆ ರೈಲು ಹಿಡಿದು ಮತ್ತೆ ಉತ್ತರಕ್ಕೆ ಬರಬೇಕು. ಆ ಬೇರೆ ರೈಲುಗಳ ಸಂಖ್ಯೆಯೋ ಬೆರಳೆಣಿಕೆಯದು. ಕೂಗಳತೆಯಲ್ಲಿರುವ ನೆಂಟರ ಮನೆಗೆ ಊರೆಲ್ಲ ಸುತ್ತಿ ಹೋದಂತೆ.

ಹೀಗಾಗಿ ಉಳಿಯುವುದು ಬಾಡಿಗೆ ಕಾರು. ಸಣ್ಣ ಊರಿನ ಟ್ಯಾಕ್ಸಿಯವನು ನಿಲ್ದಾಣದಿಂದ ಖಾಲಿ ಬರಬೇಕಾಗುವುದರಿಂದ ಎರಡೂ ಕಡೆಯ ಬಾಡಿಗೆ ಕೇಳುತ್ತಾನೆ. ಅದು ನ್ಯಾಯವೂ ಹೌದು. ಮೇಲೆ ಗಡಿಯಿದೆ. ಅಖಿಲ ಭಾರತ ಪ್ರವಾಸಿ ಪರವಾನಗಿ ಇರುವ ಗಾಡಿಗೆ ತೊಡಕಿಲ್ಲ. ಅದಿಲ್ಲದ ಆಂಧ್ರದ ಹಳದಿ ಬೋರ್ಡಿನ ಗಾಡಿ ಕರ್ನಾಟಕಕ್ಕೆ ಬರಬೇಕಾದರೆ ತಾತ್ಕಾಲಿಕ ಪರವಾನಗಿ ಪಡೆದು ತೆರಿಗೆ ಕಟ್ಟಬೇಕು. ಆ ಖರ್ಚು ಸುತ್ತಿ ಬಳಸಿ ಪ್ರಯಾಣಿಕನ ತಲೆಗೇ ಬರುತ್ತದೆ. ಹಬ್ಬದಲ್ಲಿ ಕಾರುಗಳಿಗೆ ಬೇಡಿಕೆ ಏರಿ, ಇರುವ ನಾಲ್ಕಾರು ಗಾಡಿಗಳು ತಿರುಪತಿಗೋ ಮದುವೆಗೋ ಹೊರಟಿರುತ್ತವೆ. ಆಯುಧಪೂಜೆಯ ದಿನವಂತೂ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಪೂಜೆ ಮುಗಿಯುವ ಮುನ್ನ ಗಾಡಿ ಕದಲಿಸಲು ಅನೇಕ ಚಾಲಕರು ಒಪ್ಪುವುದಿಲ್ಲ. ಆ ನಂಬಿಕೆಯನ್ನು ಗೌರವಿಸಬೇಕು. ಅದನ್ನು ಮೊದಲೇ ಅರಿತು ದಿನ ಗೊತ್ತುಮಾಡಬೇಕಾದದ್ದು ಪ್ರಯಾಣಿಕನ ಕೆಲಸ. ಕೊನೆಗೆ ಏನೂ ಸಿಗದಾಗ ನೆರೆಮನೆಯ ಬಿಳಿ ಬೋರ್ಡಿನ ಕಾರು ಬರುತ್ತದೆ. ಕೈಗೆ ಹಣ ಕೊಟ್ಟು ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯ ಹಣಕ್ಕೂ ಕುತ್ತು ಬರಬಹುದು. ಇದು ಗೊತ್ತಿದ್ದೂ ಜನ ಹತ್ತುತ್ತಾರೆ, ಏಕೆಂದರೆ ವಿಮಾನ ಕಾಯುವುದಿಲ್ಲ.

ಇದನ್ನು ಬರಿಯ ಹಣದ ಮಾತೆಂದು ತಳ್ಳಿಹಾಕುವಂತಿಲ್ಲ. 2023ರ ಅಕ್ಟೋಬರ್ 26ರ ಬೆಳಗ್ಗೆ, ದಸರೆ ಮುಗಿದ ಎರಡೇ ದಿನಕ್ಕೆ, ಚಿಕ್ಕಬಳ್ಳಾಪುರದ ಹೊರವಲಯದಲ್ಲಿ ಬೆಂಗಳೂರಿನ ಕಡೆಗೆ ಹೊರಟಿದ್ದ ಟಾಟಾ ಸುಮೋ ವಾಹನ ರಸ್ತೆಬದಿಯಲ್ಲಿ ನಿಂತಿದ್ದ ಟ್ಯಾಂಕರಿಗೆ ಬಡಿಯಿತು. ಮಂಜು ಕವಿದಿತ್ತು. 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಇದೇ ಶ್ರೀ ಸತ್ಯಸಾಯಿ ಜಿಲ್ಲೆಯ ಗೋರಂಟ್ಲದ ಕಡೆಯವರು, ಹಬ್ಬಕ್ಕೆ ಊರಿಗೆ ಬಂದು ದುಡಿಮೆಗೆ ಮರಳುತ್ತಿದ್ದವರು. ಅವರು ವಿಮಾನ ಹತ್ತಲು ಹೊರಟವರಲ್ಲ. ಆದರೆ ಹೆದ್ದಾರಿ ಅದೇ, ಹಬ್ಬದ ಮರುದಿನಗಳ ಧಾವಂತ ಅದೇ, ಒಂದೇ ಗಾಡಿಯಲ್ಲಿ ತುಂಬಿಕೊಂಡು ಹೋಗುವ ಅನಿವಾರ್ಯವೂ ಅದೇ. ನಡುರಾತ್ರಿ ಪರಿಗಿಯಿಂದ ಹೊರಡುವ ಕಾರಿನ ಚಾಲಕ ಹಿಂದಿನ ರಾತ್ರಿ ಎಲ್ಲಿದ್ದ, ಎಷ್ಟು ಹೊತ್ತು ನಿದ್ದೆ ಮಾಡಿದ್ದ ಎಂದು ಕೇಳುವವರು ವಿರಳ. ಬಾಡಿಗೆ ಎಷ್ಟೆಂದು ಮಾತ್ರ ನಾಲ್ಕು ಸಲ ಕೇಳುತ್ತಾರೆ.

ಇದಕ್ಕೊಂದು ಆಕ್ಷೇಪ ಬರಬಹುದು: ವಿಮಾನದಲ್ಲಿ ಹಾರುವವನಿಗೆ ಕಾರಿನ ಬಾಡಿಗೆ ಭಾರವೇ? ಹಳ್ಳಿಗೆ ಹಗಲು ಬಸ್ಸೇ ಸಾಲದಿರುವಾಗ ಇವನಿಗಾಗಿ ರಾತ್ರಿ ಬಸ್ಸು ಓಡಿಸಬೇಕೇ? ಆಕ್ಷೇಪದಲ್ಲಿ ಹುರುಳಿದೆ, ಹಗಲು ಬಸ್ಸನ್ನು ಕಿತ್ತು ರಾತ್ರಿ ಬಸ್ಸು ಕೊಡುವುದನ್ನು ಯಾರೂ ಒಪ್ಪಲಾರರು. ಆದರೆ ಹಾರುವವರೆಲ್ಲ ಸ್ಥಿತಿವಂತರೆಂಬ ಎಣಿಕೆ ಹಳತಾಯಿತು. ಸ್ಥಿತಿವಂತನ ಅಂಗಳದಲ್ಲಿ ಸ್ವಂತ ಕಾರು ನಿಂತಿರುತ್ತದೆ, ಅವನಿಗೆ ಈ ಬವಣೆಯೇ ಇಲ್ಲ. ಕೊಲ್ಲಿಯ ಕೆಲಸಕ್ಕೆ ಮೊದಲ ಸಲ ಹೊರಟವನಿಗೆ, ದೂರದ ಊರಿನ ಕಾಲೇಜಿಗೆ ಮರಳುವ ಹುಡುಗಿಗೆ, ಮಗಳ ಬಾಣಂತನಕ್ಕೆ ಹೊರಟ ತಾಯಿಗೆ ಟಿಕೆಟಿನ ಹಣ ತಿಂಗಳುಗಟ್ಟಲೆ ಕೂಡಿಟ್ಟದ್ದು. ವಿಮಾನ ತಪ್ಪಿದರೆ ಅವರಲ್ಲಿ ಕೆಲವರಿಗೆ ಆ ಹಣ ಮರಳಿ ಬಾರದು, ಇನ್ನು ಕೆಲವರಿಗೆ ಕೆಲಸವೇ ಕೈತಪ್ಪೀತು.

ಸಾಲುರಜೆಗಳಲ್ಲಿ ಸಾರಿಗೆ ನಿಗಮಗಳು ಹೆಚ್ಚುವರಿ ಬಸ್ಸುಗಳನ್ನು ಓಡಿಸುತ್ತವೆ. ಆ ಪ್ರಕಟಣೆಗಳು ಎಲ್ಲರಿಗೂ ಪರಿಚಿತ. ಆದರೆ ಅವುಗಳ ಹಿಂದಿನ ಕಲ್ಪನೆ ಮುಖ್ಯವಾಗಿ ಮಹಾನಗರದಿಂದ ಊರಿಗೆ ಹೊರಟವನನ್ನು ಕುರಿತದ್ದು. ಊರಿನಿಂದ ನಗರವನ್ನು ಮುಟ್ಟದೆ ನಿಲ್ದಾಣಕ್ಕಷ್ಟೇ ಹೋಗಬೇಕಾದವನು ಆ ಕಲ್ಪನೆಯ ಹೊರಗೆ ಉಳಿಯುತ್ತಾನೆ. ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್ ಓಡುತ್ತದೆ, ಅದೂ ಪರಿಗಿಯ ದೂರದ ಸುಮಾರು ಎರಡರಷ್ಟು ದಾರಿಯನ್ನು. ಮೈಸೂರಿಗೆ ಸಾಧ್ಯವಾದದ್ದು ಹಿಂದೂಪುರಕ್ಕೆ ನಿತ್ಯ ಬೇಡ. ವರ್ಷದ ಏಳೆಂಟು ಸಾಲುರಜೆಗಳಲ್ಲಿ, ರಾತ್ರಿ ಒಂದು, ಸಂಜೆ ಒಂದರಂತೆ ಸಾಧ್ಯವಾಗಬೇಕು. ಹಿಂದೂಪುರದಿಂದ ಗೌರಿಬಿದನೂರು, ದೊಡ್ಡಬಳ್ಳಾಪುರ, ದೇವನಹಳ್ಳಿ. ಮೂರೂ ಕಡೆ ಹತ್ತುವವರು ಸಿಗುತ್ತಾರೆ. ಎರಡು ರಾಜ್ಯಗಳ ಬಸ್ಸುಗಳು ಅಂತರರಾಜ್ಯ ಒಪ್ಪಂದದಡಿ ಈಗಲೂ ಗಡಿ ದಾಟಿ ಓಡಾಡುತ್ತಲೇ ಇವೆ. ಹೊಸ ರಸ್ತೆ ಹಾಕಬೇಕಿಲ್ಲ. ರಜೆಗಳ ಪಟ್ಟಿ ವರ್ಷ ಹುಟ್ಟುವ ಮುನ್ನವೇ ಅಚ್ಚಾಗಿರುತ್ತದೆ. ಗೊತ್ತಿಲ್ಲದ ನೆರೆಹಾವಳಿಯಂತೆ ಹಬ್ಬವನ್ನು ಎದುರಿಸುವುದೇಕೆ?

ಬಸ್ಸು ಬರುವವರೆಗೆ ಊರಿನವರು ಮಾಡಬಹುದಾದದ್ದೂ ಇದೆ. ಒಂದು ಮನೆಯಿಂದ ಹೊರಡುವವನಿರುವ ರಾತ್ರಿಯೇ ಇನ್ನೊಂದು ಮನೆಗೆ ಬರುವವನಿರುತ್ತಾನೆ. ಇಬ್ಬರೂ ಬೇರೆ ಬೇರೆ ಕಾರು ಗೊತ್ತುಮಾಡಿ ನಾಲ್ಕು ಬಾಡಿಗೆ ತೆರುತ್ತಾರೆ. ಒಂದೇ ಕಾರು ಒಬ್ಬನನ್ನು ಇಳಿಸಿ ಮತ್ತೊಬ್ಬನನ್ನು ಕರೆತಂದರೆ ಖರ್ಚು ಅರ್ಧ. ಚಾಲಕನಿಗೂ ನಡುವೆ ಒಂದೆರಡು ತಾಸು ಕಣ್ಣುಮುಚ್ಚಲು ಸಿಗುತ್ತದೆ. ಇದಕ್ಕೆ ಬೇಕಾದದ್ದು ಹದಿನೈದು ದಿನ ಮುಂಚಿನ ಒಂದು ಮಾತು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಬ್ಬದ ಶುಭಾಶಯದ ಚಿತ್ರಗಳ ನಡುವೆ ಈ ಮಾತಿಗೂ ಜಾಗವಿದ್ದೀತು.

ಇನ್ನೊಂದು ರೂಢಿಯನ್ನೂ ಸ್ವಲ್ಪ ಸಡಿಲಿಸಬೇಕಾದೀತು. ಒಬ್ಬ ಹೊರಟರೆ ಕಾರಿನ ತುಂಬ ಬೀಳ್ಕೊಡುವವರು ಹೊರಡುತ್ತಾರೆ. ಬೀಳ್ಕೊಳ್ಳುವವನು ಹೋಗುವವನು, ಬೀಳ್ಕೊಡುವವರು ಉಳಿಯುವವರು ಎಂಬ ಭೇದವನ್ನು ಕನ್ನಡ ಒಂದೇ ಮಾತಿನ ಎರಡು ರೂಪಗಳಲ್ಲಿ ಎಷ್ಟು ಚೆನ್ನಾಗಿ ಹಿಡಿದಿದೆ! ಬಸವಪ್ಪ ಶಾಸ್ತ್ರಿಗಳು ಕನ್ನಡಿಸಿದ ಕಾಳಿದಾಸನ ಶಾಕುಂತಲದಲ್ಲಿ ಕಣ್ವರು ಮಗಳನ್ನು ಕಳುಹಿಸಲು ಬಂದಾಗ, ಪ್ರೀತಿಯವರು ನೀರಿನ ದಡದವರೆಗೆ ಮಾತ್ರ ಜೊತೆಗೆ ಬರಬೇಕೆಂಬ ಸಂಪ್ರದಾಯವನ್ನು ಶಿಷ್ಯ ನೆನಪಿಸುತ್ತಾನೆ. ವಿಮಾನ ನಿಲ್ದಾಣದಲ್ಲಿ ಟಿಕೆಟ್ ಇಲ್ಲದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಕಾರು ನಿಲ್ಲಲು ಕೆಲವೇ ನಿಮಿಷಗಳ ಅವಕಾಶ. ಆ ಗಡಿಬಿಡಿಯಲ್ಲಿ ಅಜ್ಜಿಗೆ ಮೊಮ್ಮಗನ ತಲೆ ನೇವರಿಸಲೂ ಬಿಡುವಿರುವುದಿಲ್ಲ. ಪರಿಗಿಯಲ್ಲಿ ಕೆರೆ ಊರ ಬದಿಯಲ್ಲೇ ಇದೆ. ಅದರ ಏರಿಯ ಮೇಲೆ ನಿಂತು ಕಳುಹಿಸಿದರೆ ಕಾರಿನಲ್ಲಿ ಇನ್ನೊಬ್ಬ ಪ್ರಯಾಣಿಕನಿಗೆ ಜಾಗವಾಗುತ್ತದೆ, ಕಳುಹಿಸುವವರಿಗೂ ನೆಮ್ಮದಿಯಿಂದ ಅಳಲು ಹೊತ್ತು ಸಿಗುತ್ತದೆ.

ಬಸ್ಸಿನ ಬೇಡಿಕೆಯನ್ನು ಎರಡೂ ನಿಗಮಗಳ ಮುಂದಿಡುವವರು ಒಂದು ಸಂಗತಿಯನ್ನು ಮರೆಯಬಾರದು. ಎರಡೂ ರಾಜ್ಯಗಳು ಹುಟ್ಟಿದ್ದು ಒಂದೇ ದಿನ, 1956ರ ನವೆಂಬರ್ 1ರಂದು. ಆದರೆ ಅವುಗಳ ಹಬ್ಬದ ಅಳತೆ ಒಂದಲ್ಲ. ಕರ್ನಾಟಕದಲ್ಲಿ ಸಂಕ್ರಾಂತಿ ಒಂದು ದಿನದ್ದು, ಆಂಧ್ರದಲ್ಲಿ ಭೋಗಿ, ಸಂಕ್ರಾಂತಿ, ಕನುಮ ಎಂದು ಮೂರು ದಿನದ್ದು. ಬೆಂಗಳೂರು ಎಳ್ಳುಬೆಲ್ಲ ಹಂಚಿ ಮುಗಿಸಿ ಕೆಲಸಕ್ಕೆ ಮರಳಿರುವಾಗ ಪರಿಗಿಯ ಮಕ್ಕಳು ಇನ್ನೂ ಊರಿನಲ್ಲೇ ಇರುತ್ತಾರೆ. ಅವರಿಗೆ ಬಸ್ಸು ಬೇಕಾಗಿರುವುದು ಕನುಮದ ರಾತ್ರಿ.