ಮುಂದಿನ ಗಾಲಿಯ ಮಾತು

ಪೂಜೆ, ಪುರಾಣ, ಮನೆವಾರ್ತೆಗಳನ್ನು ಕುರಿತು ಇಷ್ಟು ವರ್ಷ ಈ ಪುಟದಲ್ಲಿ ಬರೆದುಕೊಂಡು ಬಂದ ನಾವು ಈ ತಿಂಗಳು ಮೋಪೆಡ್ಡಿನ ವಿಷಯ ಎತ್ತಿಕೊಂಡಿರುವುದನ್ನು ಕಂಡು ಓದುಗ ಬಂಧುಗಳು ಹುಬ್ಬೇರಿಸಬಹುದು. ವಿಷಯವನ್ನು ಆರಿಸಿದವರು ನಾವಲ್ಲ, ಕೊಪ್ಪ ತಾಲ್ಲೂಕಿನ ಒಬ್ಬ ತಾಯಿ. ಅವರ ಮಗನಿಗೆ ಹದಿನೆಂಟು ತುಂಬಿ ಮೂರು ತಿಂಗಳಾಗಿದೆಯಂತೆ. ಕಲಿಯುವವರ ಲೈಸೆನ್ಸು ಕೈಗೆ ಬಂದಿದೆ. ಸಂಜೆಯಾದರೆ ತಂದೆಯ ಟಿ.ವಿ.ಎಸ್. ಎಕ್ಸ್.ಎಲ್. ಗಾಡಿಯನ್ನು ಶಾಲೆಯ ಬಯಲಿಗೆ ಒಯ್ದು ಮುಂದಿನ ಗಾಲಿಯನ್ನು ಮೇಲಕ್ಕೆತ್ತಿ ಓಡಿಸುವ ಅಭ್ಯಾಸ ನಡೆಸುತ್ತಾನೆ. ಇದಕ್ಕೆ ವೀಲಿ ಎಂದು ಹೆಸರು. ಗೆಳೆಯರು ಮೊಬೈಲಿನಲ್ಲಿ ಅದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಸುದ್ದಿ ಮನೆಗೆ ಬಂದ ದಿನ ತಂದೆ ಕೈಮಾಡಿದರು. ಅಂದಿನಿಂದ ತಂದೆ ಮಗನ ನಡುವೆ ಮಾತಿಲ್ಲ, ಹುಡುಗ ತಟ್ಟೆಯ ಮುಂದೆ ಕುಳಿತು ಎದ್ದುಹೋಗುತ್ತಾನೆ. "ತಾವು ಬಂದು ನಾಲ್ಕು ಬುದ್ಧಿಮಾತು ಹೇಳಬೇಕು ಅಯ್ಯನವರೇ" ಎಂದು ಪತ್ರ ಮುಗಿದಿತ್ತು.

ಬುದ್ಧಿಮಾತಿಗೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಈ ವಿಷಯದಲ್ಲಿ ಮಾತನಾಡುವ ಅಧಿಕಾರ ನಮ್ಮ ಶಾಸ್ತ್ರಾಭ್ಯಾಸಕ್ಕಿಂತ ನಮ್ಮ ಎಡಮೊಣಕಾಲಿಗೆ ಹೆಚ್ಚು. ಆ ಕಥೆಯನ್ನು ಮೊದಲು ಹೇಳಿಬಿಡುತ್ತೇವೆ.

1985ರ ಶ್ರಾವಣ. ಮಠದ ಓದು ಮುಗಿಸಿ ಊರೂರಿಗೆ ಪುರಾಣ ಹೇಳಲು ಹೋಗುತ್ತಿದ್ದ ಕಾಲ. ಭಕ್ತರೊಬ್ಬರು ಓಡಾಟಕ್ಕೆಂದು ತಮ್ಮ ಹಳೆಯ ಲೂನಾ ಕೊಟ್ಟಿದ್ದರು. ಪುಣೆಯ ಕೈನೆಟಿಕ್ ಕಂಪನಿ 1972ರಲ್ಲಿ ಹೊರತಂದ ಆ 50 ಸಿ.ಸಿ. ಗಾಡಿಯನ್ನು, 1980ರಲ್ಲಿ ಹೊಸೂರಿನ ಕಾರ್ಖಾನೆಯಿಂದ ಬಂದ ಟಿ.ವಿ.ಎಸ್. 50 ಅನ್ನು ನಮ್ಮ ವಯಸ್ಸಿನವರು ಮರೆಯಲಾರರು. ಲೂನಾ ಎಂದರೆ ಅರ್ಧ ಸೈಕಲ್ಲು: ಪೆಡಲು ತುಳಿದು ಚಾಲೂ ಮಾಡಬೇಕು, ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಕೊಪ್ಪದಿಂದ ನರಸಿಂಹರಾಜಪುರದ ಕಡೆಗೆ, ಹಿರಿಯರ ಬಾಯಲ್ಲಿ ಅದು ಇನ್ನೂ ಎಡೆಹಳ್ಳಿಯೇ, ಸಂಜೆಯ ಪುರಾಣಕ್ಕೆ ಹೊರಟಿದ್ದೆವು. ಮಳೆ ಹನಿಯುತ್ತಿತ್ತು. ಎಡಕ್ಕೆ ತಿರುಗುವ ಒಂದು ಮುರುಕಿನಲ್ಲಿ, ಗಾಡಿ ವಾಲಿದ ಮೇಲೆ, ವೇಗ ಹೆಚ್ಚಾಯಿತೆಂಬ ಅರಿವಾಗಿ ಮುಂದಿನ ಬ್ರೇಕು ಹಿಡಿದೆವು. ಮರದ ನೆರಳಿನ ಡಾಂಬರಿನ ಮೇಲೆ ಹಾವಸೆ ಕಟ್ಟಿತ್ತು. ಮುಂದಿನದು ನೆನಪಿಲ್ಲ. ಎದ್ದಾಗ ಪುರಾಣದ ಗಂಟು ಚರಂಡಿಯಲ್ಲಿತ್ತು, ಮೊಣಕಾಲಿನಿಂದ ನೆತ್ತರು ಇಳಿಯುತ್ತಿತ್ತು.

"ರಸ್ತೆ ಕೆಟ್ಟಿತ್ತು" ಎಂದು ನಾವು ಹತ್ತು ವರ್ಷ ಹೇಳಿಕೊಂಡು ತಿರುಗಿದೆವು. ಗಾಡಿ ರಿಪೇರಿ ಮಾಡಿದ ಮುದುಕ ಮಾತ್ರ ಅಂದೇ ಹೇಳಿದ್ದ: "ಸ್ವಾಮೇರೆ, ಬ್ರೇಕು ಹಿಡಿಯೋದು ತಿರುವಿಗೆ ಮುಂಚೆ, ತಿರುವಿನೊಳಗಲ್ಲ." ಆ ಮಾತು ಆಗ ಕಿವಿಗೆ ಬೀಳಲಿಲ್ಲ.

ಕೊಪ್ಪದ ಆ ಮನೆಗೆ ನಾವು ಹೋದಾಗ ಹುಡುಗ ಜಗಲಿಯ ಕಂಬಕ್ಕೊರಗಿ ಕುಳಿತಿದ್ದ. ಉಪದೇಶಕ್ಕೆ ಸಿದ್ಧನಾಗಿ ಮುಖ ಗಂಟಿಕ್ಕಿಕೊಂಡಿದ್ದ. "ಗಾಲಿ ಎತ್ತುವುದು ಹೇಗಪ್ಪ, ನಮಗೂ ಹೇಳು" ಎಂದೆವು. ಮೊದಲು ನಂಬಲಿಲ್ಲ. ಆಮೇಲೆ ಮಾತು ಹೊರಟಿತು.

"ಇದಕ್ಕೆ ಪವರ್ ಸಾಲಲ್ಲ ಅಜ್ಜಯ್ಯ. ದೊಡ್ಡ ಬೈಕಾದ್ರೆ ತಾನೇ ಏಳ್ತದೆ. ಇದರಲ್ಲಿ ಹಿಂದೊಬ್ಬ ತುದಿಗೆ ಕೂತು ವಾಲಬೇಕು."

"ಎದ್ದ ಮೇಲೆ ನಾಯಿಯೊಂದು ಅಡ್ಡ ಬಂದರೆ ಯಾವ ಕಡೆ ತಿರುಗಿಸುತ್ತೀ?"

"ತಿರುಗಲ್ಲ... ಇಳಿಸ್ತೀನಿ."

"ಇಳಿಯುವಾಗ ಗಾಲಿ ಓರೆಯಾಗಿದ್ದರೆ?"

ಹುಡುಗ ಮಾತನಾಡಲಿಲ್ಲ. ತಾಯಿ ಒಳಗೆ ಹೋದುದನ್ನು ನೋಡಿಕೊಂಡು ತುಂಬುತೋಳಿನ ಅಂಗಿಯನ್ನು ಮೇಲಕ್ಕೆ ಸರಿಸಿ ತೋರಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಸಿಪ್ಪೆ ಎದ್ದು ಒಣಗಿತ್ತು. ಆ ಸೆಕೆಯಲ್ಲಿ ತುಂಬುತೋಳು ಏಕೆಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಕೇಳದೆ ಹೊಡೆದದ್ದೂ, ಹೇಳದೆ ಮುಚ್ಚಿಟ್ಟದ್ದೂ ಒಂದೇ ಮನೆಯಲ್ಲಿ ನಡೆದಿತ್ತು.

ಸಂಜೆ ಅವನನ್ನೇ ಕರೆದುಕೊಂಡು ಶಾಲೆಯ ಬಯಲಿಗೆ ಹೋದೆವು. ಮಳೆ ಬಂದು ನಿಂತಿತ್ತು. ಒಲೆಯ ಬೂದಿ ತರಿಸಿ ಹತ್ತು ಹೆಜ್ಜೆಯ ಅಳತೆಯಲ್ಲಿ ಒಂದು ವೃತ್ತ ಎಳೆಸಿ, ಅದರ ಗೆರೆಯ ಮೇಲೆ ನಿಧಾನ ಸುತ್ತಲು ಹೇಳಿದೆವು. ಗಾಲಿ ಎತ್ತುವ ಶೂರನಿಗೆ ಬೂದಿಯ ಗೆರೆಯ ಮೇಲೆ ಎರಡು ಸುತ್ತು ಹಾಕಲಾಗಲಿಲ್ಲ. ಅವನ ಕಣ್ಣು ಮುಂದಿನ ಗಾಲಿಯ ಮೇಲೇ ನೆಟ್ಟಿತ್ತು. ಕಣ್ಣು ಎಲ್ಲಿ ನೆಡುತ್ತದೋ ಗಾಡಿ ಅಲ್ಲಿಗೆ ಹೋಗುತ್ತದೆ. "ಗೆರೆಯ ಆಚೆ ದಡ ನೋಡು" ಎಂದ ಮೇಲೆ ಮೂರನೆಯ ಸಲಕ್ಕೆ ಸುತ್ತು ಕೂಡಿತು.

ಆಮೇಲೆ ಜಗಲಿಯ ಮೇಲೆ ಕುಳಿತು ಹಿಡಿತದ ಲೆಕ್ಕ ಹೇಳಿದೆವು. ಟೈರು ನೆಲವನ್ನು ಹಿಡಿಯುವ ಶಕ್ತಿ ಎಂಬುದು ಜೇಬಿನಲ್ಲಿರುವ ಹತ್ತು ರೂಪಾಯಿ. ತಿರುಗುವುದಕ್ಕೂ ಅದರಿಂದಲೇ ಕೊಡಬೇಕು, ನಿಲ್ಲಿಸುವುದಕ್ಕೂ ಅದರಿಂದಲೇ ಕೊಡಬೇಕು. ತಿರುವಿಗೇ ಒಂಬತ್ತು ಖರ್ಚು ಮಾಡಿದವನು ಬ್ರೇಕಿಗೆ ಐದು ಕೇಳಿದರೆ ಗಾಡಿ ಸಾಲ ಕೊಡುವುದಿಲ್ಲ, ಕೆಡವುತ್ತದೆ. ಗಣಿತದ ಮೇಷ್ಟರನ್ನು ಕೇಳಿದರೆ ಕೂಡಿ ಕಳೆಯುವ ಲೆಕ್ಕ ಇಷ್ಟು ನೇರವಲ್ಲವೆಂದಾರು, ದಾರಿಯ ಮೇಲೆ ಇಷ್ಟು ಸಾಕು. ವೇಗ ಎರಡರಷ್ಟಾದರೆ ಅದೇ ತಿರುವು ನಾಲ್ಕರಷ್ಟು ಹಿಡಿತ ಬೇಡುತ್ತದೆ ಎಂಬುದು ಮಾತ್ರ ನಿಜವಾದ ಗಣಿತ. ಇಪ್ಪತ್ತು ಮೀಟರು ತ್ರಿಜ್ಯದ ಒಂದು ತಿರುವು ಒಣ ಡಾಂಬರಿನಲ್ಲಿ ಗಂಟೆಗೆ ಸುಮಾರು 40 ಕಿ.ಮೀ. ವೇಗವನ್ನು ತಡೆದೀತು. ನೆಂದಾಗ 30ಕ್ಕೇ ಜೇಬು ಬರಿದು. ಹಾವಸೆಯಿದ್ದರೆ 20 ಕೂಡ ಹೆಚ್ಚು. ಇವು ಅಂಚಿನ ಲೆಕ್ಕಗಳು. ಅಂಚಿನಲ್ಲಿ ನಡೆಯುವವನಿಗೆ ಎದುರು ಬರುವ ಬಸ್ಸಿಗೆ ದಾರಿ ಬಿಡಲು ಏನೂ ಉಳಿದಿರುವುದಿಲ್ಲ.

ನಮ್ಮ ಸೀಮೆಯಲ್ಲಿ ಈ ಲೆಕ್ಕ ಪುಸ್ತಕದ್ದಲ್ಲ. ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆ ಶೃಂಗೇರಿಯ ಬಗಲಲ್ಲೇ ಇದೆ. ಕೊಪ್ಪದಿಂದ ಹರಿಹರಪುರದ ಮೇಲೆ ಶೃಂಗೇರಿಗೆ ಹೋಗುವವರು, ಬಾಳೆಹೊನ್ನೂರಿಗೆ ಇಳಿಯುವವರು ನೋಡಿರುತ್ತಾರೆ: ಮುಂಗಾರಿನ ಮೊದಲ ಹನಿಗೆ ಬೇಸಗೆಯೆಲ್ಲ ಕುಡಿದ ಧೂಳೂ ಎಣ್ಣೆಯೂ ಮೇಲೆದ್ದು ಡಾಂಬರು ಸಾಬೂನಾಗುತ್ತದೆ. ಜಡಿಮಳೆ ತೊಳೆದ ಮೇಲೆ ಅದೇ ರಸ್ತೆ ಎಷ್ಟೋ ವಾಸಿ. ಟ್ರ್ಯಾಕ್ಟರು ಬಿಟ್ಟುಹೋದ ಕೆಂಪು ಕೆಸರು, ಧರೆಯಿಂದ ಜರಿದ ಮಣ್ಣು, ನೆಂದ ದರಗು, ತೋಟದ ದಾರಿಯ ಮರದ ಸಂಕ, ರಸ್ತೆಗೆ ಬಳಿದ ಬಿಳಿಯ ಪಟ್ಟೆ, ಇವುಗಳ ಮೇಲೆ ಗಾಡಿ ನೇರವಾಗಿರಬೇಕು, ಬ್ರೇಕಿನ ಮೇಲೆ ಕೈ ಬಿಗಿಯಬಾರದು. ಗೇರಿಲ್ಲದ ಗಾಡಿಯನ್ನು ಇಳಿಜಾರಿನಲ್ಲಿ ಎಂಜಿನ್ನು ಹೆಚ್ಚು ತಡೆಯುವುದಿಲ್ಲ, ಆದ್ದರಿಂದ ಇಳಿಯುವ ಮೊದಲೇ ವೇಗ ಕಳೆದುಕೊಂಡಿರಬೇಕು. 125 ಸಿ.ಸಿ.ವರೆಗಿನ ಹೊಸ ಗಾಡಿಗಳಲ್ಲಿ 2019ರಿಂದ ಎರಡೂ ಗಾಲಿಯ ಬ್ರೇಕುಗಳನ್ನು ಜೋಡಿಸುವ ಏರ್ಪಾಟು ಬಂದಿದೆ. ಒಳ್ಳೆಯದೇ. ಆದರೆ ಅದು ಜೇಬಿನ ಹಣವನ್ನು ಹೆಚ್ಚಿಸುವುದಿಲ್ಲ, ಹಂಚಿ ಕೊಡುತ್ತದೆ ಅಷ್ಟೆ.

"ಗಾಲಿ ಎತ್ತಿದಾಗ ಮುಂದಿನ ಟೈರಿನ ಜೇಬಲ್ಲಿ ಎಷ್ಟಿರುತ್ತೆ ಹೇಳು" ಎಂದೆವು.

"ಏನೂ ಇರಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ನಿರೀಕ್ಷಿಸದ ಮಾತೊಂದು ಆಡಿದ: "ಅಪ್ಪ ದಿನಾ ಎತ್ತುತ್ತಾರೆ ಅಜ್ಜಯ್ಯ. ಅವರನ್ನ ಯಾರೂ ಕೇಳಲ್ಲ."

ಮರುದಿನ ಬೆಳಿಗ್ಗೆ ಅವನ ಮಾತು ಕಣ್ಣಿಗೇ ಬಿತ್ತು. ತೋಟದ ಕೆಳಗಿನಿಂದ ಮನೆಗೆ ಕಡಿದಾದ ಜಂಬಿಟ್ಟಿಗೆಯ ಏರು. ಯಜಮಾನರು ಹಿಂದಿನ ಸೀಟು ಬಿಚ್ಚಿ, ಹಿಂಡಿಯ ಚೀಲ, ಅದರ ಮೇಲೆ ಹಸಿಹುಲ್ಲಿನ ಹೊರೆ ಕಟ್ಟಿಕೊಂಡು ಏರಿಗೆ ಬಂದರು. ಅರ್ಧ ಏರಿನಲ್ಲಿ ಮುಂದಿನ ಗಾಲಿ ನೆಲ ಬಿಟ್ಟು ಎರಡು ಬಾರಿ ಕುಣಿಯಿತು. ಅವರು ಹ್ಯಾಂಡಲಿನ ಮೇಲೆ ಎದೆಯೂರಿ, ಕಾಲು ಇಳಿಬಿಟ್ಟು, ಉಸಿರು ಬಿಗಿಹಿಡಿದು ಮೇಲೆ ಬಂದರು. ಹೀಗೆ ಎಷ್ಟೋ ವರ್ಷಗಳಿಂದ ಬರುತ್ತಿದ್ದಾರೆ. ನಮ್ಮ ಮಲೆನಾಡಿನಲ್ಲಿ ಇದನ್ನು ಯಾರೂ ವೀಲಿ ಎನ್ನುವುದಿಲ್ಲ, ಸಂಸಾರ ಎನ್ನುತ್ತಾರೆ.

ಸ್ನಾನಪೂಜೆ ಮುಗಿದ ಮೇಲೆ ಅವರನ್ನು ಕೂರಿಸಿಕೊಂಡು ಏತದ ಮಾತೆತ್ತಿದೆವು. ಏತದ ಹಿಂದಿನ ತುದಿಗೆ ಭಾರ ಬಿದ್ದರೆ ಮುಂದಿನ ತುದಿ ಏಳಲೇಬೇಕು. ಗಾಡಿಗೆ ಹಿಂದಿನ ಗಾಲಿಯ ಅಚ್ಚೇ ಏತದ ಕಂಬ. ಅದಕ್ಕಿಂತ ಹಿಂದೆ ಹೇರಿದ ಪ್ರತಿಯೊಂದು ಸೇರೂ ಮುಂದಿನ ಗಾಲಿಯನ್ನು ನೆಲದಿಂದ ಬಿಡಿಸುತ್ತದೆ. ಏರು ಆ ಕೆಲಸಕ್ಕೆ ಇನ್ನಷ್ಟು ಕೈಜೋಡಿಸುತ್ತದೆ. ಗಾಲಿ ಪೂರ್ತಿ ಏಳದಿದ್ದರೂ ಹಗುರಾಗಿರುತ್ತದೆ, ಹಗುರಾದ ಗಾಲಿ ತಿರುವಿನಲ್ಲಿ ಹೇಳಿದ ಮಾತು ಕೇಳುವುದಿಲ್ಲ. ಯಜಮಾನರು ಬಹಳ ಹೊತ್ತು ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ಕೊನೆಗೆ, "ಹೌದು ಅಯ್ಯನೋರೆ, ಏರಿನಲ್ಲಿ ಹ್ಯಾಂಡಲು ಕೈಗೆ ಹತ್ತಲ್ಲ. ಯಾರಿಗೂ ಹೇಳಿರಲಿಲ್ಲ" ಎಂದರು. ಮಗ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ.

ಕಾನೂನಿನ ಮಾತನ್ನೂ ಇಲ್ಲಿ ಆಡಿಬಿಡಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಒಂದು ತಪ್ಪು ತಿಳಿವಳಿಕೆ ಗಟ್ಟಿಯಾಗಿ ಕುಳಿತಿದೆ. ಮೋಪೆಡ್ಡಿಗೆ ಹದಿನಾರು ಸಾಕು ಎಂದು ಅನೇಕರು ನಂಬಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆ ಹದಿನಾರಕ್ಕೆ ಅವಕಾಶ ಕೊಟ್ಟಿರುವುದು 50 ಸಿ.ಸಿ. ಮೀರದ ಗಾಡಿಗೆ, ಅದೂ ಲೈಸೆನ್ಸು ಪಡೆದವರಿಗೆ. ಈ ಎಕ್ಸ್.ಎಲ್. 100 ಗಾಡಿಯ ಎಂಜಿನ್ನು 99.7 ಸಿ.ಸಿ., ಆದ್ದರಿಂದ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ಮಕ್ಕಳು ಗಾಡಿಯಲ್ಲಿ ಅಪರಾಧ ಎಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಮಗುವಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ. ಇನ್ನು ರಸ್ತೆಯಲ್ಲಿ ಗಾಲಿ ಎತ್ತುವವರ ವಿಷಯ: 2025ರಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ಇಂತಹ ಒಂದು ಪ್ರಕರಣದಲ್ಲಿ ಜಾಮೀನನ್ನೇ ನಿರಾಕರಿಸಿ, ಇದನ್ನು ತಡೆಯಲು ಇನ್ನೂ ಬಿಗಿಯಾದ ಕಾನೂನು ಬೇಕೆಂದು ಹೇಳಿತು. ಹುಡುಗನಿಗೆ ಇದನ್ನೆಲ್ಲ ನಾವು ಹೇಳಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದವರು ತಂದೆತಾಯಿ.

ಹೊರಡುವ ಹೊತ್ತಿಗೆ ಅಂಗಳದಲ್ಲಿ ತಂದೆ ಮಗ ಗಾಡಿಯ ಪಕ್ಕದಲ್ಲಿದ್ದರು. ಹುಡುಗ ಮಾತಿಲ್ಲದೆ ಹಿಂಡಿಯ ಚೀಲವನ್ನು ಹಿಂದಿನಿಂದ ಬಿಚ್ಚಿ ಮುಂದೆ, ಕಾಲಿಡುವ ತಗ್ಗಿನಲ್ಲಿ ಅಡ್ಡಲಾಗಿ ಮಲಗಿಸಿದ. ಆ ಜಾಗವನ್ನು ಬಯಲು ಬಿಟ್ಟಿರುವುದೇ ಭಾರಕ್ಕೆಂದು. ತಂದೆ ಒಮ್ಮೆ ಏರಿನ ಕೆಳಗೆ ಹೋಗಿ ಬಂದರು. ಗಾಲಿ ಕುಣಿಯಲಿಲ್ಲ. "ಕಾಲು ಎಲ್ಲಿಡೋದೋ ಮಾರಾಯ?" ಎಂದು ಮಗನನ್ನು ಕೇಳಿದರು. ವಾರದ ಮೇಲೆ ಆಡಿದ ಮೊದಲ ಮಾತು ಅದೆಂದು ತಾಯಿ ಆಮೇಲೆ ಹೇಳಿದರು.

ಚೀಲ ಇಳಿಸಿ, ಸೀಟು ಮತ್ತೆ ಕೂರಿಸಿ ನಮ್ಮನ್ನು ಬಸ್ಸಿಗೆ ಬಿಡಲು ಯಜಮಾನರೇ ಹೊರಟರು. ಹಿಂದೆ ಕೂರುವವರಿಗೂ ಹೆಲ್ಮೆಟ್ಟು ಬೇಕೆಂದು ಹುಡುಗ ಹಟ ಹಿಡಿದು, ನಮ್ಮ ರುಮಾಲು ಬಿಚ್ಚಿಸಿ ತನ್ನದನ್ನು ನಮಗೆ ತೊಡಿಸಿದ. ಕೊಪ್ಪ ಮುಟ್ಟುವವರೆಗೆ ಹನ್ನೊಂದು ತಿರುವು ಎಣಿಸಿದೆವು. ಒಂಬತ್ತರಲ್ಲಿ ಯಜಮಾನರು ತಿರುವಿಗೆ ಮುಂಚೆಯೇ ಬ್ರೇಕು ಹಿಡಿದರು. ಎರಡರಲ್ಲಿ ಮರೆತರು, ನಮ್ಮ ಎಡಮೊಣಕಾಲು ನೆನಪಿಸಿಕೊಂಡಿತು.