ನಮ್ಮ ಬಣ್ಣಕ್ಕೆ ಬೆಲೆ ಕಟ್ಟುವವರು

ಶಿಕಾರಿಪುರದಿಂದ ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುವ ಬಸ್ಸಿನಲ್ಲಿ ಕೂತು ಕಿಟಕಿಯಾಚೆ ನೋಡಿ. ಗೋಡೆ ಗೋಡೆಯೂ ನಮ್ಮನ್ನು ಮಾತಾಡಿಸುತ್ತದೆ. ಬೀಜ, ಗೊಬ್ಬರ, ಸಿಮೆಂಟು, ಸೋಪು, ಚಿನ್ನದ ಮೇಲೆ ಸಾಲ. ಊರೊಳಗೆ ನಮ್ಮನ್ನು ಮರ್ಯಾದೆಯಿಂದ ಕರೆಯಲು ಮುಖ ಸಿಂಡರಿಸುವವರು ಇನ್ನೂ ಇದ್ದಾರೆ. ಈ ಗೋಡೆಗಳು ಮಾತ್ರ ‘ನೀವು’, ‘ನಿಮ್ಮ’ ಅಂತ ಬಹುವಚನದಲ್ಲೇ ಕರೆಯುತ್ತವೆ. ಇಷ್ಟು ಮರ್ಯಾದೆ ಯಾಕೆ ಅಂತ ನಾವು ಒಂದು ಸಲವಾದರೂ ಕೇಳಬೇಡವೇ?

ನಮ್ಮ ಕೇರಿಯ ಹುಡುಗಿಯೊಬ್ಬಳು ಶುಂಠಿ ಹೊಲದಲ್ಲಿ ಕಳೆ ಕಿತ್ತ ಕೂಲಿಯಲ್ಲಿ ವಾರಕ್ಕೆರಡು ಕ್ರೀಮಿನ ಪೊಟ್ಟಣ ಕೊಳ್ಳುತ್ತಾಳೆ. ‘ಯಾಕೆ ತಂಗೀ?’ ಅಂತ ಕೇಳಿದೆವು. ‘ಕಪ್ಪಗಿದ್ರೆ ಯಾರು ಮಾಡ್ಕೋತಾರಣ್ಣ, ಯಾರು ಕೆಲಸ ಕೊಡ್ತಾರೆ?’ ಅಂದಳು. ಆ ಹುಡುಗಿ ದಡ್ಡಿಯಲ್ಲ, ಪಿಯುಸಿ ಓದಿದಾಳೆ. ಅವಳ ಬಾಯಿಂದ ಮಾತಾಡಿದ್ದು ಜಾಹೀರಾತು. ಅವಳನ್ನು ಬೈಯುವುದು ನಮ್ಮ ಕೆಲಸವಲ್ಲ. ಅವಳ ಬಾಯೊಳಗೆ ಆ ಮಾತು ಇಟ್ಟವರನ್ನು ಹಿಡಿಯುವುದು ನಮ್ಮ ಕೆಲಸ.

ಜಾಹೀರಾತಿನವನ ಮೊದಲ ಪಟ್ಟು ಇದು: ಇಲ್ಲದ ರೋಗವನ್ನು ಮೊದಲು ಮಾರುತ್ತಾನೆ, ಆಮೇಲೆ ಔಷಧಿ ಮಾರುತ್ತಾನೆ. ಕಪ್ಪು ರೋಗವಲ್ಲ. ಚರ್ಮದೊಳಗಿನ ಮೆಲನಿನ್ ಬಿಸಿಲಿನ ನೇರಳಾತೀತ ಕಿರಣಗಳಿಂದ ಮೈ ಕಾಯುತ್ತದೆ. ಗದ್ದೆಯಲ್ಲಿ ಬೆನ್ನು ಬಗ್ಗಿಸಿ ನಾಟಿ ಮಾಡುವವಳಿಗೆ ಅದು ಅವ್ವ ಕೊಟ್ಟ ಕೊಡೆ. ಆ ಕೊಡೆಯನ್ನೇ ‘ಕಲೆ’ ಅಂತ ಕರೆದು ಕಳಚಿಕೋ ಅಂತಾನೆ. ಎರಡನೆಯ ಪಟ್ಟು ಸಾಕ್ಷಿ. ಬಿಳಿ ಕೋಟು ತೊಟ್ಟ ನಟ ಡಾಕ್ಟರ ಹಾಗೆ ತಲೆಯಾಡಿಸುತ್ತಾನೆ, ನಾವು ನಂಬುತ್ತೇವೆ. ಮೂರನೆಯದು ‘ಮೊದಲು’ ಮತ್ತು ‘ಆಮೇಲೆ’ ಎಂಬ ಎರಡು ಚಿತ್ರ. ಮೊದಲನೆಯದರಲ್ಲಿ ಮಬ್ಬು ಬೆಳಕು, ಬಾಡಿದ ಮುಖ. ಎರಡನೆಯದರಲ್ಲಿ ದೀಪ, ನಗು, ಕೈಯಲ್ಲಿ ಕೆಲಸದ ಆರ್ಡರು! ನಾಲ್ಕನೆಯದು ಪೊಟ್ಟಣ. ದೊಡ್ಡ ಡಬ್ಬಿಯ ಬೆಲೆ ಕೇಳಿದರೆ ಬಡವರು ಹಿಂದೆ ಸರಿಯುತ್ತಾರೆ. ಚಿಲ್ಲರೆ ಕಾಸಿಗೆ ಪೊಟ್ಟಣ ಕಟ್ಟಿದರೆ ತೂಕವನ್ನು ಯಾರೂ ನೋಡೋದಿಲ್ಲ. ಐದನೆಯದು, ಹೇಳಿದ್ದನ್ನೇ ಹೇಳುವುದು. ನೂರು ಸಲ ಕೇಳಿದ ಸುಳ್ಳು ಮನೆಯ ಮಾತಾಗುತ್ತದೆ.

ಆದರೆ ಇಷ್ಟರಿಂದಲೇ ಕೆಲಸ ಆಗೋದಿಲ್ಲ. ಬೀಜ ಮೊಳೆಯಲು ಹದವಾದ ನೆಲ ಬೇಕು. ಆ ನೆಲವನ್ನು ಉತ್ತವನು ಮನು. ಶುದ್ಧ, ಮಡಿ, ಮೈಲಿಗೆ, ವರ್ಣ — ಈ ಮಾತುಗಳನ್ನು ಕಂಪನಿ ಕಂಡುಹಿಡಿಯಲಿಲ್ಲ. 1927ರಲ್ಲಿ ಬಾಬಾಸಾಹೇಬರೂ ಅವರ ಜನರೂ ಮಹಾಡದ ಕೆರೆಯ ನೀರು ಮುಟ್ಟಿದ ಮೇಲೆ ಸವರ್ಣೀಯರು ಪಂಚಗವ್ಯ ಸುರಿದು ಆ ಕೆರೆಯನ್ನು ‘ಶುದ್ಧ’ ಮಾಡಿದರು. ಅದೇ ‘ಶುದ್ಧ’ ಈಗ ತುಪ್ಪದ ಡಬ್ಬಿಯ ಮೇಲೂ ಸೋಪಿನ ಮೇಲೂ ಅಚ್ಚಾಗಿದೆ. ಪುರೋಹಿತಶಾಹಿ ಕೂಡಿಟ್ಟ ಗಂಟನ್ನು ಬಂಡವಾಳಶಾಹಿ ಬಡ್ಡಿಗೆ ಬಿಟ್ಟಿದೆ. ಬಡ್ಡಿ ಕಟ್ಟುತ್ತಿರುವವರು ನಾವು.

ಲೆಕ್ಕ ನೋಡಿ. 1975ರಲ್ಲಿ ಹಿಂದೂಸ್ತಾನ್ ಲಿವರ್ ಕಂಪನಿ ‘ಫೇರ್ ಅಂಡ್ ಲವ್ಲಿ’ ತಂದಿತು. ಬಿಳಿಯಾಗಿರುವುದೇ ಚೆಲುವು ಅಂತ ಹೆಸರಲ್ಲೇ ಸಾರಿತು. 2014ರಲ್ಲಿ, ಜಾಹೀರಾತಿನವರೇ ಕಟ್ಟಿಕೊಂಡ ಮಾನದಂಡ ಮಂಡಳಿಯು, ಕಪ್ಪು ಮೈಯವರನ್ನು ಕುರೂಪಿಗಳಂತೆ, ಸೋತವರಂತೆ ತೋರಿಸಬೇಡಿ ಅಂತ ನಿಯಮ ಮಾಡಿತು. ಅಲ್ಲಿವರೆಗೆ ತೋರಿಸುತ್ತಿದ್ದೆವು ಅಂತ ಅವರೇ ಒಪ್ಪಿಕೊಂಡ ಹಾಗಾಯಿತಲ್ಲ! 2020ರಲ್ಲಿ ಅಮೆರಿಕದ ಪೊಲೀಸನೊಬ್ಬನ ಮೊಣಕಾಲ ಕೆಳಗೆ ಜಾರ್ಜ್ ಫ್ಲಾಯ್ಡ್ ಉಸಿರುಗಟ್ಟಿ ಸತ್ತ. ಕಪ್ಪು ಜನ ಬೀದಿಗಿಳಿದರು. ಆಗ ಇಲ್ಲಿ ಕ್ರೀಮಿನ ಹೆಸರು ‘ಗ್ಲೋ ಅಂಡ್ ಲವ್ಲಿ’ ಆಯಿತು. ಬಿಳುಪು ಹೋಗಿ ಹೊಳಪು ಬಂತು. ಹೆಸರು ಬದಲಾಯಿಸುವುದೂ ಒಂದು ಪಟ್ಟೇ ಸ್ವಾಮಿ. ನಮಗೆ ‘ಹರಿಜನ’ ಅಂತ ಹೆಸರಿಟ್ಟಾಗ ಹೊಟ್ಟೆ ತುಂಬಿತೇ?

ಸರ್ಕಾರವೂ ಹಿಂದೆ ಬಿದ್ದಿಲ್ಲ. ನಮ್ಮ ಸೀಮೆಯ ಕಾಡಿನದು ಗಂಧ, ಸೊರಬದ ಗುಡಿಗಾರರ ಉಳಿಗೆ ಒಲಿದದ್ದು ಗಂಧ. ಆ ಗಂಧದ ಹೆಸರಿನ ಮೈಸೂರು ಸ್ಯಾಂಡಲ್ ಸೋಪಿಗೆ 2025ರಲ್ಲಿ ಎರಡು ವರ್ಷದ ಪ್ರಚಾರಕ್ಕೆ ಚಿತ್ರತಾರೆಯೊಬ್ಬರನ್ನು 6.2 ಕೋಟಿ ರೂಪಾಯಿಗೆ ಗೊತ್ತು ಮಾಡಿದರು. ಕನ್ನಡದ ನಟಿ ಯಾಕಲ್ಲ ಅಂತ ದೊಡ್ಡ ಗದ್ದಲವಾಯಿತು. ನಮ್ಮ ಪ್ರಶ್ನೆ ಬೇರೆ: ಬಿಸಿಲುಂಡ ಮೈಯೊಂದು ಆ ಸೋಪಿನ ಮುಖ ಯಾಕಾಗಬಾರದು?

‘ಕೊಳ್ಳೋದು ಬಿಡೋದು ಅವರವರ ಇಷ್ಟ’ ಅಂತ ಓದಿದವರು ಹೇಳುತ್ತಾರೆ. ಈ ಮಾತನ್ನು ನಾವು ಮೊದಲೇ ಕೇಳಿದ್ದೇವೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆಗೂ ‘ಭಕ್ತರ ಇಷ್ಟ’ ಅಂತಲೇ ಅಂದರು. ಹರಕೆ ತಪ್ಪಿದರೆ ಕೇಡು ಎಂಬ ಅಂಜಿಕೆಯನ್ನು ಬಿತ್ತಿದವರು ಯಾರು ಅಂತ ಯಾರೂ ಕೇಳಲಿಲ್ಲ. 1986ರ ಮಾರ್ಚಿಯಲ್ಲಿ ತಡೆಯಲು ಹೋದ ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಅದನ್ನು ನಿಷೇಧಿಸಿತು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕ ಅರಸನನ್ನು ಧಿಕ್ಕರಿಸಿ ಬಟ್ಟೆ ಬಿಸುಟಿದ್ದು ಇಷ್ಟ. ಅಂಜಿಸಿ ಬಿಚ್ಚಿಸಿದ್ದು ಇಷ್ಟವಲ್ಲ. ನಾಚಿಕೆ ಹುಟ್ಟಿಸಿ ಹಚ್ಚಿಸಿದ್ದೂ ಇಷ್ಟವಲ್ಲ.

ಹಾಗಾದರೆ ಏನು ಮಾಡೋಣ? ಸಂಜೆ ಕೇರಿಯ ಕಟ್ಟೆಯಲ್ಲಿ ಕೂತು ಜಾಹೀರಾತನ್ನು ಗಟ್ಟಿಯಾಗಿ ಓದೋಣ. ಒಂದೊಂದು ಸಾಲಿಗೂ ‘ಯಾರು ಹೇಳಿದ್ದು? ಎಷ್ಟು ಕಾಸು ತಗೊಂಡು ಹೇಳಿದ್ದು?’ ಅಂತ ಕೇಳೋಣ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸುಳ್ಳು ಜಾಹೀರಾತಿನ ಮೇಲೆ ಜಿಲ್ಲಾಧಿಕಾರಿಗೆ ದೂರು ಕೊಡಬಹುದು. ತಯಾರಿಸಿದವನಿಗೂ ಮುಖ ಕೊಟ್ಟವನಿಗೂ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ದೂರು ಬರೆಯೋಣ. ಆದರೆ ಕಾನೂನು ಸುಳ್ಳನ್ನು ಹಿಡಿದೀತು, ನಾಚಿಕೆಯನ್ನು ಹಿಡಿಯಲಾರದು. ಅದನ್ನು ನಮ್ಮ ಮನೆಯಿಂದಲೇ ಹೊರಗೆ ಹಾಕಬೇಕು. ಹೆಣ್ಣು ನೋಡಲು ಹೋಗಿ ‘ಬಣ್ಣ ಒಂಚೂರು ಕಡಿಮೆ’ ಅನ್ನುವ ನಮ್ಮ ಗಂಡುಮಕ್ಕಳು ಕಂಪನಿಯ ಸಂಬಳವಿಲ್ಲದ ಏಜೆಂಟರು. ಮೊದಲು ಅವರ ಬಾಯಿ ಮುಚ್ಚಿಸೋಣ.

ನಮ್ಮ ಬಣ್ಣ ಮಾರಾಟಕ್ಕಿಲ್ಲ, ತಿದ್ದುಪಡಿಗೂ ಇಲ್ಲ. ಆ ತಂಗಿಗೆ ಬೇಕಾದದ್ದು ಕ್ರೀಮಲ್ಲ, ನ್ಯಾಯವಾದ ಕೂಲಿ. ಅದನ್ನು ಯಾವ ಗೋಡೆಯ ಮೇಲೂ ಯಾರೂ ಬರೆದಿಲ್ಲ. ನಾವೇ ಬರೆಯಬೇಕು.