ಬೀಗದೊಳಗಿನ ಲೇಖನಿ

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿರುವ ನಮ್ಮ ಹಳೆಯ ಮನೆಯನ್ನು ತೆರವು ಮಾಡುವಾಗ ತಂದೆಯವರ ಪೆಟ್ಟಿಗೆಯಲ್ಲಿ ಮಖಮಲ್ಲು ಹಾಸಿದ ಒಂದು ಡಬ್ಬಿ ದೊರೆಯಿತು. ಅದರೊಳಗೆ ಒಂದು ಮಸಿಪೆನ್ನು, ಅದಕ್ಕೆ ಜೊತೆಯಾದ ಒಂದು ಪೆನ್ಸಿಲ್. ಬಳ್ಳಾರಿಯು ಮದರಾಸಿಗೆ ಸೇರಿದ್ದ ಕಾಲದಲ್ಲಿ ಕೊಂಡದ್ದು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ತಂದೆಯವರು ಬಹುಕಾಲ ಅದರಲ್ಲಿಯೇ ಲೆಕ್ಕಪತ್ರ ಬರೆಯುತ್ತಿದ್ದರು. ಅವರ ಕೈ ನಡುಗತೊಡಗಿದ ಮೇಲೆ ಡಬ್ಬಿಗೆ ಬೀಗ ಬಿತ್ತು.

ಅದನ್ನೇನು ಮಾಡಬೇಕೆಂಬ ಮಾತು ಬಂದಾಗ ಅಣ್ಣನವರು, "ಇದು ತಂದೆಯವರ ಸ್ಮಾರಕ, ಯಾರೂ ಮುಟ್ಟಬಾರದು" ಎಂದರು. ಅವರ ಮಗ, ಹಳೆಯ ಪೆನ್ನುಗಳಿಗೆ ಒಳ್ಳೆಯ ಬೆಲೆಯಿದೆ, ಮಾರಿಬಿಡೋಣವೆಂದ. ಬಸದಿಯ ಟ್ರಸ್ಟಿಗೆ ಒಪ್ಪಿಸಿದರೆ ಗಾಜಿನ ಕಪಾಟಿನಲ್ಲಿಟ್ಟಾರು ಎಂಬುದು ಮೂರನೆಯ ಸಲಹೆ. ಅದರಿಂದ ಬರೆಯೋಣವೆಂದು ಮಾತ್ರ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಅಣ್ಣನವರಿಗೆ ಬೇಕಾಗಿದೆ ಎಂಬ ಒಂದೇ ಕಾರಣಕ್ಕೆ ನನಗೂ ಅದು ಬೇಕೆನಿಸಿತ್ತೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ತತ್ತ್ವಾರ್ಥಸೂತ್ರವು ಪರಿಗ್ರಹವೆಂದರೆ ಮೂರ್ಛೆಯೆಂದು ಹೇಳುತ್ತದೆ. ದೋಷವಿರುವುದು ವಸ್ತುವಿನ ಬೆಲೆಯಲ್ಲಲ್ಲ, ನಮ್ಮ ಅಂಟಿನಲ್ಲಿ. ಬಂಗಾರಕ್ಕೂ ಭೂಮಿಗೂ ಪರಿಮಾಣ ಮಾಡಿಕೊಳ್ಳುವ ಶ್ರಾವಕರು 'ನೆನಪು' ಎಂಬ ಹೆಸರಿಟ್ಟ ವಸ್ತುಗಳನ್ನು ಆ ಲೆಕ್ಕದಿಂದ ಹೊರಗಿಡುವುದು ಯಾವ ನ್ಯಾಯ? ತಂದೆಯವರ ಸ್ಮರಣೆ ಆ ಡಬ್ಬಿಯಲ್ಲಿದ್ದರೆ ಇಷ್ಟು ವರ್ಷ ನಾವು ಅದನ್ನು ಒಮ್ಮೆಯಾದರೂ ತೆರೆಯಬೇಕಿತ್ತಲ್ಲವೇ?

ಇನ್ನು ಮಾರಾಟ. ಆದಿತೀರ್ಥಂಕರರು ಜನರಿಗೆ ಕಲಿಸಿದ ಷಟ್ಕರ್ಮಗಳಲ್ಲಿ ಮಸಿಯೂ ಇದೆ, ವಾಣಿಜ್ಯವೂ ಇದೆ; ಮಾರುವುದೇ ತಪ್ಪೆಂದು ನಾನು ಹೇಳಲಾರೆ. ಬರೆಯುವವನಿಗೆ ಮಾರಿ, ಬಂದ ಹಣವನ್ನು ಶಾಸ್ತ್ರದಾನಕ್ಕೆ ಕೊಟ್ಟರೆ ಸಂತೋಷವೇ. ಆದರೆ ಬಿರುಕನ್ನು ಮುಚ್ಚಿ, ಬದಲಾಯಿಸಿದ ಮುಳ್ಳನ್ನು ಮೂಲದ್ದೆಂದು ಹೇಳಿ ಮಾರಿದರೆ ಅದು ಅಚೌರ್ಯವ್ರತಕ್ಕೆ ಅತಿಚಾರ. ಚಿನ್ನದ ಆಸೆಗೆ ಮುಳ್ಳನ್ನು ಕೀಳುವುದಂತೂ ಅವಿವೇಕ. 14 ಕ್ಯಾರೆಟ್ಟಿನ ಮುಳ್ಳಿನಲ್ಲಿ ನೂರಕ್ಕೆ ಸುಮಾರು 58 ಪಾಲು ಮಾತ್ರ ಚಿನ್ನ. ಅಷ್ಟು ಚಿಕ್ಕ ತುಂಡಿಗಾಗಿ ಒಂದು ಉಪಕರಣವೇ ಹಾಳು.

ಟ್ರಸ್ಟಿನ ಗಾಜಿನ ಕಪಾಟಿನ ಬಗೆಗೆ ಮೂಡಬಿದಿರೆಯನ್ನು ನೆನೆಯಬೇಕು. ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳನ್ನು ನಮ್ಮ ಹಿರಿಯರು ಅಲ್ಲಿ ಶತಮಾನಗಳ ಕಾಲ ಕಾಪಾಡಿದರು. ಅದಕ್ಕೆ ನಾವು ಋಣಿಗಳು. ಆದರೆ ಬಹುಕಾಲ ಅವು ದರ್ಶನಕ್ಕಷ್ಟೇ ದೊರೆಯುತ್ತಿದ್ದವು. ಪ್ರತಿ ಮಾಡುವ ಕೆಲಸ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ; ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಶ್ರುತವು ಓದುಗರ ಕೈಸೇರಿದ್ದು ಯಾರೋ ಲೇಖನಿ ಹಿಡಿದು ಕುಳಿತದ್ದರಿಂದ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯು ಕಂಠವನ್ನು ಪೆಟ್ಟಿಗೆಯಲ್ಲಿಟ್ಟು ಪೂಜಿಸಲಿಲ್ಲ.

ಹಳೆಯ ಪೆನ್ನು ಕೆಟ್ಟಿರುತ್ತದೆಂಬ ಆಕ್ಷೇಪವುಂಟು. ಒಳಗಿನ ರಬ್ಬರ್ ಚೀಲ ಗಟ್ಟಿಯಾಗಿದ್ದರೆ ಬದಲಾಯಿಸಬಹುದು. ಒಣಗಿದ ಮಸಿ ತಣ್ಣೀರಿನಲ್ಲಿ ನೆನೆಸಿದರೆ ಬಿಡುತ್ತದೆ. ಅರಗು ಬೆರೆತ ಚಿತ್ರಕಾರರ ಮಸಿಯನ್ನು ಮಾತ್ರ ತುಂಬಬಾರದು. ಅದು ಪೆನ್ನಿನ ನಾಳವನ್ನೂ ಕಟ್ಟಿಸುತ್ತದೆ. ಅರಗು ಕೀಟಜನ್ಯವಾದುದರಿಂದ ನಮ್ಮ ವ್ರತಕ್ಕೂ ಒಗ್ಗದು.

ನಮ್ಮಲ್ಲಿ ಕೊನೆಗೆ ಪೆನ್ನನ್ನು ರಿಪೇರಿ ಮಾಡಿಸಿ, ಶಾಲೆಯಲ್ಲಿ ಕನ್ನಡ ಕಲಿಸುವ ತಂಗಿಯ ಮಗಳಿಗೆ ಕೊಟ್ಟೆವು. ಬರೆಯುವುದನ್ನು ಬಿಟ್ಟ ದಿನ ಬರೆಯುವ ಮತ್ತೊಬ್ಬರಿಗೆ ದಾಟಿಸಬೇಕೆಂಬುದೊಂದೇ ಷರತ್ತು. ಅಣ್ಣನವರು ಇನ್ನೂ ಪೂರ್ಣಮನಸ್ಸಿನಿಂದ ಒಪ್ಪಿಲ್ಲ. ಆದರೆ ಅವಳು ಬರೆದ ಮೊದಲ ಪತ್ರವನ್ನು ಎರಡು ಸಲ ಓದಿದರು.

ಟ್ರಸ್ಟುಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ಬರುವ ಶ್ರುತಪಂಚಮಿಗೆ ಯಾರಾದರೂ ಹಳೆಯ ಲೇಖನಿಯನ್ನು ತಂದೊಪ್ಪಿಸಿದರೆ ಕಪಾಟಿನ ಬೀಗದಕೈ ಹುಡುಕಬೇಡಿರಿ. ಬರೆಯುವ ಕೈಯೊಂದನ್ನು ಹುಡುಕಿರಿ.